ಡಬ್ಲ್ಯೂಸಿ ಪಾಲಿಸಿ ಮತ್ತು ಸಂಬಳದ ಶೀಟು: ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದ ಸುತ್ತಮುತ್ತಲಿನ ಸಣ್ಣ ಯೂನಿಟ್‌ಗಳಿಗೆ ಸಂಬಳದ ಲೆಕ್ಕ ಬರೆದುಕೊಡುವುದು ನನ್ನ ಕೆಲಸ. ಪ್ರೆಸ್ ಶಾಪು (ಲೋಹದ ತಗಡನ್ನು ಮಷಿನ್‌ನಲ್ಲಿ ಒತ್ತಿ ಕತ್ತರಿಸುವ ಜಾಗ), ಫ್ಯಾಬ್ರಿಕೇಷನ್, ಪೌಡರ್ ಕೋಟಿಂಗ್, ಹೀಗೆ. ಪಿಎಫ್, ಇಎಸ್‌ಐ ಬಗ್ಗೆ ಮಾಲೀಕರಿಗೆ ಅಷ್ಟೋ ಇಷ್ಟೋ ಗೊತ್ತಿರುತ್ತದೆ. ಡಬ್ಲ್ಯೂಸಿ ಪಾಲಿಸಿ, ಅಂದರೆ ಕೆಲಸದಲ್ಲಿ ಪೆಟ್ಟಾದವನಿಗೆ ಮಾಲೀಕ ಕೊಡಬೇಕಾದ ಪರಿಹಾರಕ್ಕೆ ಮಾಡಿಸುವ ವಿಮೆ ಅಂದರೆ ಮಾತ್ರ "ಏಜೆಂಟ್ ನೋಡ್ಕೋತಾನೆ ಬಿಡಿ" ಅನ್ನುತ್ತಾರೆ. ಏಜೆಂಟ್ ಪಾಲಿಸಿ ಮಾಡಿಸಿ ಹೋಗುತ್ತಾನೆ. ಆ ಪಾಲಿಸಿಗೆ ಬೆಲೆ ಬರುವುದೋ ಬಾರದಿರುವುದೋ ನಿಮ್ಮ ಸಂಬಳದ ಶೀಟಿನಲ್ಲಿ ತೀರ್ಮಾನವಾಗುತ್ತದೆ. ಜನ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ.

ಡಬ್ಲ್ಯೂಸಿ, ಇಸಿ, ಇಎಸ್‌ಐ: ಮೂರೂ ಒಂದೇನಾ?

ಮೊದಲೆರಡು ಒಂದೇ. 1923ರ ವರ್ಕ್‌ಮೆನ್ಸ್ ಕಾಂಪೆನ್ಸೇಷನ್ ಕಾಯ್ದೆಗೆ 2010ರಲ್ಲಿ ಎಂಪ್ಲಾಯೀಸ್ ಕಾಂಪೆನ್ಸೇಷನ್ ಕಾಯ್ದೆ ಅಂತ ಹೆಸರು ಬದಲಾಯಿತು. ಬಾಯಿಗೆ ಮಾತ್ರ ಹಳೆಯ ಡಬ್ಲ್ಯೂಸಿಯೇ ಅಂಟಿಕೊಂಡಿದೆ. ಕೆಲಸದಲ್ಲಿ, ಕೆಲಸದ ಕಾರಣದಿಂದ ಪೆಟ್ಟಾದರೆ ಮಾಲೀಕ ಪರಿಹಾರ ಕೊಡಬೇಕು ಅನ್ನುವುದು ಅದರ ತಿರುಳು. ಆ ಹೊಣೆಯನ್ನು ಹಣ ಕೊಟ್ಟು ವಿಮಾ ಕಂಪನಿಯ ಹೆಗಲಿಗೆ ದಾಟಿಸುವುದೇ ಡಬ್ಲ್ಯೂಸಿ ಪಾಲಿಸಿ.

ಇಎಸ್‌ಐ ಬೇರೆ. ಅದು ಸರ್ಕಾರಿ ನಿಗಮ ನಡೆಸುವ ವಿಮೆ. ಪ್ರತಿ ತಿಂಗಳು ಸಂಬಳದ ಮೇಲೆ ಮಾಲೀಕನ ಪಾಲು ಶೇ 3.25, ಕೆಲಸಗಾರನ ಪಾಲು ಶೇ 0.75, 2019ರ ಜುಲೈನಿಂದ ಇದೇ ದರ. ಮುಂದಿನ ತಿಂಗಳು 15ರೊಳಗೆ ಚಲನ್ ಕಟ್ಟಬೇಕು.

ಈ ಎರಡೂ ಕಾಯ್ದೆಗಳು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಕೊಂಡಿವೆ. ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಪರಿಹಾರ ಲೆಕ್ಕ ಹಾಕುವ ಸೂತ್ರ ಹಳೆಯದೇ. ಸಂಬಳ ಅಂದರೆ ಯಾವುದು ಅನ್ನುವ ವ್ಯಾಖ್ಯೆ ಬದಲಾಗಿದೆ. ಅದನ್ನು ಕೆಳಗೆ ಹೇಳುತ್ತೇನೆ.

ನಮ್ಮಲ್ಲಿ ಇಎಸ್‌ಐ ಇದೆ. ಮತ್ತೆ ಡಬ್ಲ್ಯೂಸಿ ಯಾಕೆ?

ಇಎಸ್‌ಐ ಇರುವ ಕೆಲಸಗಾರನಿಗೆ ಬೇಡ. ಅವನಿಗೆ ಅಪಘಾತವಾದರೆ ನಿಗಮವೇ ನೋಡಿಕೊಳ್ಳುತ್ತದೆ: ಆಸ್ಪತ್ರೆ ಖರ್ಚು, ಕೆಲಸಕ್ಕೆ ಬರಲಾಗದ ದಿನಗಳಿಗೆ ಸರಾಸರಿ ಕೂಲಿಯ ಶೇ 90, ಅಂಗ ಹೋದರೆ ಪಿಂಚಣಿಯಂತೆ ತಿಂಗಳು ತಿಂಗಳೂ ಹಣ. ಅದೇ ಗಾಯಕ್ಕೆ ಮಾಲೀಕನಿಂದ ಮತ್ತೊಮ್ಮೆ ಪರಿಹಾರ ಕೇಳಲು ಕಾನೂನು ಬಿಡುವುದಿಲ್ಲ.

ಪ್ರಶ್ನೆ ಇರುವುದು ಇಎಸ್‌ಐ ಇಲ್ಲದವರದು. ತಿಂಗಳಿಗೆ 21,000 ರೂಪಾಯಿ ಮೀರಿದವರಿಗೆ ಇಎಸ್‌ಐ ಇಲ್ಲ. ಅಂಗವಿಕಲರಿಗಾದರೆ ಮಿತಿ 25,000. ಹತ್ತು ಜನರಿಗಿಂತ ಕಡಿಮೆ ಇರುವ ಯೂನಿಟ್‌ಗೆ ಕಡ್ಡಾಯವಿಲ್ಲ. ವರ್ಷದಲ್ಲಿ ಕೆಲವೇ ತಿಂಗಳು ನಡೆಯುವ ಸೀಸನ್ ಫ್ಯಾಕ್ಟರಿಗೂ ಇಲ್ಲ. ಒಂದು ಸಾಮಾನ್ಯ ಪ್ರೆಸ್ ಶಾಪು ತೆಗೆದುಕೊಳ್ಳಿ. ಹದಿನಾಲ್ಕು ಜನ, ಅದರಲ್ಲಿ ಹತ್ತು ಜನಕ್ಕೆ ಇಎಸ್‌ಐ. ಉಳಿದ ನಾಲ್ವರು ಹಿರಿಯ ಆಪರೇಟರ್‌ಗಳು, ಟೂಲ್‌ರೂಮ್ ಮೇಸ್ತ್ರಿ. ಅತಿ ಅಪಾಯದ ಮಷಿನ್ ಮುಂದೆ ನಿಲ್ಲುವವರೇ ಅವರು, ಇಎಸ್‌ಐ ಇಲ್ಲದವರೂ ಅವರೇ. ಡಬ್ಲ್ಯೂಸಿ ಬೇಕಾಗಿರುವುದು ಈ ನಾಲ್ವರಿಗೆ.

ಪಾಲಿಸಿ ಮಾಡಿಸುವುದು ಕಾನೂನಿನಲ್ಲಿ ಕಡ್ಡಾಯವೇ?

ಪರಿಹಾರ ಕೊಡುವುದು ಕಡ್ಡಾಯ. ಪಾಲಿಸಿ ಕಡ್ಡಾಯ ಅಂತ 1923ರ ಕಾಯ್ದೆ ಹೇಳಿರಲಿಲ್ಲ. 2024ರ ಜನವರಿಯಲ್ಲಿ ನಮ್ಮ ರಾಜ್ಯ ತಂದ ಕಡ್ಡಾಯ ವಿಮೆ ನಿಯಮ ಗ್ರಾಚ್ಯುಟಿಗೆ ಸಂಬಂಧಪಟ್ಟದ್ದು, ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ಪಾಲಿಸಿ ಇಲ್ಲದಿದ್ದರೆ, ಒಂದು ಜೀವ ಹೋದಾಗ ಹದಿನೈದು ಲಕ್ಷದಷ್ಟನ್ನು (ಲೆಕ್ಕ ಕೆಳಗಿದೆ) ಸ್ವಂತ ಜೇಬಿನಿಂದ ಕೊಡಬೇಕಾಗುತ್ತದೆ, ಅಷ್ಟೇ. ಅಷ್ಟು ಹಣ ಪಕ್ಕಕ್ಕಿಟ್ಟಿರುವ ಯೂನಿಟ್ ನಾನಂತೂ ನೋಡಿಲ್ಲ. ದೊಡ್ಡ ಕಂಪನಿಗಳಿಗೆ ಜಾಬ್‌ವರ್ಕ್ ಮಾಡುವವರಾದರೆ ಪಾಲಿಸಿ ಕಾಪಿ ಇಲ್ಲದೆ ಗೇಟ್ ಪಾಸೇ ಸಿಗದು.

ಪ್ರೀಮಿಯಂ ಯಾವ ಲೆಕ್ಕದ ಮೇಲೆ?

ಎರಡು ಅಂಕಿಗಳ ಗುಣಾಕಾರ: ವರ್ಷದ ಒಟ್ಟು ಸಂಬಳ, ಆ ಕೆಲಸದ ದರ. ದರವನ್ನು ಕಂಪನಿ ಕೆಲಸದ ಅಪಾಯ ನೋಡಿ ಹೇಳುತ್ತದೆ. ಆಫೀಸಿನಲ್ಲಿ ಕೂತವನಿಗೆ ಕಡಿಮೆ, ಪವರ್ ಪ್ರೆಸ್ ಮುಂದೆ ನಿಂತವನಿಗೆ ಹೆಚ್ಚು, ಎತ್ತರದಲ್ಲಿ ಶೀಟ್ ಹಾಕುವವನಿಗೆ ಇನ್ನೂ ಹೆಚ್ಚು. ಹಿಂದಿನ ವರ್ಷಗಳಲ್ಲಿ ಎಷ್ಟು ಕ್ಲೇಮ್ ಆಗಿದೆ ಅಂತಲೂ ಕೇಳುತ್ತಾರೆ. ಆಯುಧಪೂಜೆ ದಿನ ಪ್ರೆಸ್ಸಿಗೆ ಅರಿಶಿನ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆಯುತ್ತೇವೆ. ಅದೇ ಪ್ರೆಸ್ಸಿನಲ್ಲಿ ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್ ಅನ್ನು "ಪ್ರೊಡಕ್ಷನ್‌ಗೆ ಅಡ್ಡ" ಅಂತ ಬಿಚ್ಚಿ ಮೂಲೆಗೆ ಒರಗಿಸಿರುತ್ತೇವೆ. ಕ್ಲೇಮ್ ಜಾಸ್ತಿಯಾಗಿ ಮುಂದಿನ ವರ್ಷ ದರ ಏರಿದಾಗ ಏಜೆಂಟನ್ನು ಬಯ್ಯುತ್ತೇವೆ.

ಒಂದು ಉದಾಹರಣೆ. ದರಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ನಿಮ್ಮ ಕೊಟೇಶನ್‌ನಲ್ಲಿ ಬೇರೆ ಇರುತ್ತವೆ. ಎಂಟು ಜನರ ಯೂನಿಟ್, ಇಎಸ್‌ಐ ಇಲ್ಲ. ಮೂವರು ಪ್ರೆಸ್ ಆಪರೇಟರ್‌ಗಳಿಗೆ ತಲಾ 24,000, ನಾಲ್ವರು ಹೆಲ್ಪರ್‌ಗಳಿಗೆ ತಲಾ 18,000, ಆಫೀಸಿನ ಒಬ್ಬರಿಗೆ 25,000. ಶಾಪ್‌ಫ್ಲೋರ್‌ನ ವರ್ಷದ ಸಂಬಳ 17,28,000. ಸಾವಿರಕ್ಕೆ 15 ರೂಪಾಯಿ ದರವಾದರೆ 25,920. ಆಫೀಸಿನದು 3,00,000, ಸಾವಿರಕ್ಕೆ 3 ಆದರೆ 900. ಒಟ್ಟು 26,820. ಅದರ ಮೇಲೆ ಶೇ 18 ಜಿಎಸ್‌ಟಿ 4,827.60. ಕೈಯಿಂದ ಹೋಗುವ ಹಣ 31,647.60.

ಹೆಲ್ಪರ್‌ಗಳನ್ನು ಕಡಿಮೆ ದರದ ವರ್ಗಕ್ಕೆ ಹಾಕಿಸೋಣ ಅಂತ ಮಾಲೀಕರು ಕೇಳುವುದುಂಟು. ಹೆಲ್ಪರ್ ಊಟದ ಹೊತ್ತಿನಲ್ಲಿ ಪ್ರೆಸ್ ನಡೆಸುವುದಿಲ್ಲ ಅಂತ ಎದೆ ಮುಟ್ಟಿಕೊಂಡು ಹೇಳಬಲ್ಲಿರಾದರೆ ಹಾಕಿಸಿ.

ಈ ಪ್ರೀಮಿಯಂ ಅನ್ನು ಕೆಲಸಗಾರರ ಸಂಬಳದಲ್ಲಿ ಹಿಡಿಯಬಹುದೇ?

ಕೂಡದು. ಒಂದು ರೂಪಾಯಿಯೂ ಕೂಡದು. ಸಂಬಳದಲ್ಲಿ ಏನೇನು ಹಿಡಿಯಬಹುದು ಅಂತ ಕಾನೂನಿನಲ್ಲಿ ಪಟ್ಟಿಯಿದೆ, ಮಾಲೀಕನ ಹೊಣೆಯ ವಿಮೆ ಅದರಲ್ಲಿಲ್ಲ. "ನಾನೇ ಒಪ್ಪಿದ್ದೇನೆ" ಅಂತ ಕೆಲಸಗಾರನಿಂದ ಬರೆಸಿಕೊಂಡರೂ ನಿಲ್ಲದು. ಪರಿಹಾರದ ಹಕ್ಕು ಬಿಟ್ಟುಕೊಡುವ ಯಾವ ಕರಾರೂ ಊರ್ಜಿತವಲ್ಲ. ಇಎಸ್‌ಐನಲ್ಲೂ ಹಾಗೆಯೇ: ಅವನ 0.75 ಹಿಡಿಯಿರಿ, ನಿಮ್ಮ 3.25ಕ್ಕೆ ಅವನ ಸಂಬಳ ಮುಟ್ಟಬೇಡಿ. ಸಿಟಿಸಿ (ಒಬ್ಬ ಕೆಲಸಗಾರನಿಗೆ ಕಂಪನಿ ಮಾಡುವ ಒಟ್ಟು ಖರ್ಚು) ಅನ್ನುವ ಹೊಸ ಲೆಕ್ಕದಲ್ಲಿ ಮಾಲೀಕನ ಪಾಲನ್ನೂ ಸೇರಿಸಿ ತೋರಿಸುತ್ತಾರೆ, ಅದು ತೋರಿಸುವ ಮಾತಾಯಿತು. ಒಪ್ಪಿಕೊಂಡ ಸಂಬಳದಿಂದ ಕಳೆಯುವುದು ಬೇರೆ ಮಾತು.

ಹಾಗಾದರೆ ಪ್ರತಿ ತಿಂಗಳ ಸಂಬಳದ ಲೆಕ್ಕಕ್ಕೂ ಇದಕ್ಕೂ ಏನು ಸಂಬಂಧ?

ಪಾಲಿಸಿ ಶುರುವಾಗುವಾಗ ನೀವು ಕೊಡುವುದು ಅಂದಾಜು ಸಂಬಳ. ವರ್ಷ ಮುಗಿದ ಮೇಲೆ ನಿಜವಾಗಿ ಎಷ್ಟು ಕೊಟ್ಟಿರಿ ಅಂತ ಲೆಕ್ಕ ಒಪ್ಪಿಸಬೇಕು, ಸಾಮಾನ್ಯವಾಗಿ ಒಂದು ತಿಂಗಳೊಳಗೆ. ಹೆಚ್ಚಾಗಿದ್ದರೆ ಬಾಕಿ ಕಟ್ಟಬೇಕು, ಕಡಿಮೆಯಾಗಿದ್ದರೆ ಪಾಲಿಸಿಯ ಷರತ್ತಿನಂತೆ ಹೊಂದಾಣಿಕೆ. ಈ ಷರತ್ತು ಪಾಲಿಸಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಪ್ರತಿಯೊಬ್ಬ ಕೆಲಸಗಾರನ ಹೆಸರು, ಅವನಿಗೆ ಕೊಟ್ಟ ಹಣ ಬರೆದಿಡಬೇಕು, ಕಂಪನಿ ಕೇಳಿದಾಗ ತೋರಿಸಬೇಕು ಅನ್ನುವುದೂ ಅಲ್ಲೇ ಇದೆ.

ಅದಕ್ಕೇ ನಾನು ಸಂಬಳದ ಶೀಟಿಗೆ ನಾಲ್ಕು ಕಾಲಂ ಹೆಚ್ಚಿಗೆ ಹಾಕಿಸುತ್ತೇನೆ. ಒಂದು, ಇಎಸ್‌ಐ ಇದೆಯೋ ಡಬ್ಲ್ಯೂಸಿಯೋ. ಎರಡು, ಪಾಲಿಸಿಯಲ್ಲಿ ಬರೆದಿರುವ ಕೆಲಸದ ವರ್ಗ; ನೀವು ಕರೆಯುವ ಹೆಸರಲ್ಲ, ಪಾಲಿಸಿಯಲ್ಲಿರುವ ಹೆಸರು. ಮೂರು, ಓಟಿ (ಹೆಚ್ಚುವರಿ ಹೊತ್ತಿನ ಕೂಲಿ) ಬೇರೆ. ನಾಲ್ಕು, ಪ್ರಯಾಣ ಭತ್ಯೆ ಬೇರೆ. ಶೀಟಿನ ಕೆಳಗೆ ವರ್ಗವಾರು ಮೊತ್ತ. ತಿಂಗಳಿಗೆ ಹತ್ತು ನಿಮಿಷದ ಕೆಲಸ. ಮಾಡದಿದ್ದರೆ ವರ್ಷದ ಕೊನೆಗೆ ಹನ್ನೆರಡು ಶೀಟು ಹರಡಿಕೊಂಡು ಒಂದು ಭಾನುವಾರ ಹಾಳು.

ಖರ್ಚು ಬರೆಯುವುದು ಹೀಗೆ. ಕಟ್ಟಿದ ಪ್ರೀಮಿಯಂ ಅನ್ನು ಟ್ಯಾಲಿಯಲ್ಲಿ ಮುಂಗಡ ವಿಮೆ ಅಂತ ಹಾಕಿ, ಪ್ರತಿ ತಿಂಗಳೂ ಆ ತಿಂಗಳ ಸಂಬಳಕ್ಕೆ ತಕ್ಕಷ್ಟನ್ನು ಖರ್ಚಿಗೆ ತನ್ನಿ. ಮೇಲಿನ ಉದಾಹರಣೆಯಲ್ಲಿ ಶಾಪ್‌ಫ್ಲೋರ್‌ನ 1,44,000ಕ್ಕೆ 2,160, ಆಫೀಸಿನ 25,000ಕ್ಕೆ 75, ಒಟ್ಟು 2,235. ಹನ್ನೆರಡರಿಂದ ಗುಣಿಸಿದರೆ ಅದೇ 26,820. ದಸರಾಕ್ಕೆ ಮುಂಚೆ ಆರ್ಡರ್ ಹೆಚ್ಚಾಗಿ 30,000 ಓಟಿ ಕೊಟ್ಟಿರಿ, ಪಾಲಿಸಿಯ ಲೆಕ್ಕಕ್ಕೆ ಅದು ಸೇರುತ್ತದೆ ಅನ್ನಿ. ಆ ತಿಂಗಳು 450 ರೂಪಾಯಿ ಹೆಚ್ಚು ಬರೆಯಿರಿ. ಮಾರ್ಚ್‌ಗೆ ಮುಗಿಯುವ ಪಾಲಿಸಿಯ ಮುಂಗಡ ಖಾತೆ ಫೆಬ್ರವರಿಯಲ್ಲೇ ಖಾಲಿಯಾದರೆ, ವರ್ಷದ ಕೊನೆಗೆ ಬಾಕಿ ಕಟ್ಟಬೇಕಾಗುತ್ತದೆ ಅಂತ ಈಗಲೇ ಗೊತ್ತಾಯಿತಲ್ಲ.

ಸಂಬಳ ಅಂದರೆ ಯಾವುದು? ಓಟಿ, ಭತ್ಯೆ ಎಲ್ಲ ಸೇರುತ್ತದೆಯೇ?

ಹಳೆಯ ಕಾಯ್ದೆಯಲ್ಲಿ ಹಣದಲ್ಲಿ ಅಳೆಯಬಹುದಾದ ಹೆಚ್ಚುಕಡಿಮೆ ಎಲ್ಲವೂ ಸಂಬಳವೇ. ಬಿಟ್ಟದ್ದು ಪ್ರಯಾಣ ಭತ್ಯೆ, ಮಾಲೀಕ ಕಟ್ಟುವ ಪಿಎಫ್, ಕೆಲಸದ ವಿಶೇಷ ಖರ್ಚಿಗೆ ಕೊಟ್ಟ ಹಣ. ಇಎಸ್‌ಐಗೆ ಅದರದೇ ಪದ್ಧತಿ ಇತ್ತು: ಓಟಿಯ ಮೇಲೂ ಕಾಂಟ್ರಿಬ್ಯೂಷನ್ ಕಟ್ಟಬೇಕಿತ್ತು, ಆದರೆ 21,000 ಮಿತಿ ನೋಡುವಾಗ ಓಟಿ ಲೆಕ್ಕಕ್ಕಿರಲಿಲ್ಲ.

ಸಂಹಿತೆ ಬಂದ ಮೇಲೆ ವ್ಯಾಖ್ಯೆ ಬೇರೆಯಾಯಿತು. ಬೇಸಿಕ್, ಡಿಎ, ರಿಟೈನಿಂಗ್ ಅಲವೆನ್ಸ್ (ಕೆಲಸವಿಲ್ಲದ ಅವಧಿಯಲ್ಲೂ ಕೆಲಸಗಾರನನ್ನು ಉಳಿಸಿಕೊಳ್ಳಲು ಕೊಡುವ ಹಣ) ಸೇರಿದ್ದು ಸಂಬಳ. ಮನೆಬಾಡಿಗೆ, ಪ್ರಯಾಣ, ಓಟಿ, ಬೋನಸ್ ಇತ್ಯಾದಿ ಹೊರಗೆ. ಆದರೆ ಹೀಗೆ ಹೊರಗಿಟ್ಟದ್ದು ಒಟ್ಟು ಮೊತ್ತದ ಅರ್ಧ ದಾಟಿದರೆ, ದಾಟಿದಷ್ಟು ವಾಪಸ್ ಸಂಬಳಕ್ಕೆ ಸೇರುತ್ತದೆ. 24,000ದಲ್ಲಿ ಬೇಸಿಕ್ 9,000, ಭತ್ಯೆ 15,000 ಇದ್ದರೆ, ಅರ್ಧವಾದ 12,000 ಮೀರಿದ 3,000 ವಾಪಸ್ ಬಂದು ಸಂಬಳ 12,000 ಆಗುತ್ತದೆ. ಬೇಸಿಕ್ ಚೂರುಪಾರು ತೋರಿಸಿ ಉಳಿದದ್ದಕ್ಕೆಲ್ಲ ಅಲವೆನ್ಸ್ ಹೆಸರಿಡುವ ಹಳೆಯ ಚಾಳಿಗೆ ಇದು ಕಡಿವಾಣ.

ಪಾಲಿಸಿಗೆ ಯಾವ ಲೆಕ್ಕ ಅಂತ ಕೇಳಿದರೆ, ಪಾಲಿಸಿಯಲ್ಲಿ ಬರೆದಿರುವ ಲೆಕ್ಕ. ಬಹಳಷ್ಟು ಪಾಲಿಸಿಗಳಲ್ಲಿ "ಸಂಬಳ ಮತ್ತು ಇತರ ಗಳಿಕೆ" ಅಂತಿರುತ್ತದೆ, ಅಂದರೆ ಓಟಿಯೂ ಬಂತು. ಓಟಿಗೂ ಪ್ರಯಾಣ ಭತ್ಯೆಗೂ ಬೇರೆ ಕಾಲಂ ಇಡಿ ಅಂದದ್ದು ಇದಕ್ಕೇ. ಯಾರು ಯಾವ ವ್ಯಾಖ್ಯೆಯಲ್ಲಿ ಕೇಳಿದರೂ ಅದೇ ಶೀಟಿನಿಂದ ತೆಗೆದು ಕೊಡಬಹುದು.

ಪುಸ್ತಕದಲ್ಲಿ ಸಂಬಳ ಕಮ್ಮಿ ತೋರಿಸಿ, ಉಳಿದದ್ದು ಕೈಗೆ ಕೊಡುತ್ತೇವೆ. ಪ್ರೀಮಿಯಂ ಉಳಿಯುತ್ತದಲ್ಲ?

ಉಳಿಯುತ್ತದೆ. ಎಷ್ಟು ಅಂತ ನೋಡೋಣ. 24,000 ಪಡೆಯುವ ಆಪರೇಟರ್‌ಗೆ 12,000 ತೋರಿಸಿದಿರಿ. ಮೇಲಿನ ದರದಲ್ಲಿ ವರ್ಷಕ್ಕೆ 2,160, ಜಿಎಸ್‌ಟಿ ಸೇರಿ 2,548.80 ಉಳಿಯಿತು.

ಅವನಿಗೆ 30 ವರ್ಷ. ಒಂದು ದಿನ ಪ್ರೆಸ್ಸಿಗೆ ಸಿಕ್ಕಿ ತೋರುಬೆರಳು ಪೂರ್ತಿ ಹೋಯಿತು. ಕಾಯ್ದೆಯ ಪಟ್ಟಿಯಲ್ಲಿ ದುಡಿಯುವ ಶಕ್ತಿಯ ನಷ್ಟ ಇಡೀ ತೋರುಬೆರಳಿಗೆ ಶೇ 14, ಹೆಬ್ಬೆರಳಾದರೆ ಶೇ 30. ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ 2020ರ ಜನವರಿ 3ರಿಂದ 15,000 ಮಿತಿ ಇದೆ. ಪೂರ್ಣ ಅಸಮರ್ಥತೆಗೆ ಹಿಡಿಯುವುದು ಅದರ ಶೇ 60, ಅಂದರೆ 9,000. ವಯಸ್ಸಿಗೆ ತಕ್ಕಂತೆ ಕಾಯ್ದೆಯಲ್ಲಿ ಒಂದು ಗುಣಕ ಕೊಟ್ಟಿದ್ದಾರೆ, 30 ವರ್ಷಕ್ಕೆ ಅದು 207.98. ಗುಣಿಸಿದರೆ 18,71,820; ಅದರ ಶೇ 14, ಅಂದರೆ 2,62,054.80. ನೀವು ತೋರಿಸಿದ 12,000ಕ್ಕೆ ಇದೇ ಲೆಕ್ಕ ಹಾಕಿದರೆ 2,09,643.84. ನಡುವಿನ ಅಂತರ 52,410.96. ಜೀವವೇ ಹೋಗಿದ್ದರೆ ಶೇ 50ರ ಲೆಕ್ಕ: 15,59,850 ಮತ್ತು 12,47,880, ಅಂತರ 3,11,970.

ಕೆಲಸಗಾರನಿಗೆ ಸಿಗಬೇಕಾದದ್ದು ಅವನ ನಿಜವಾದ ಸಂಬಳದ ಮೇಲೆ. ವಿಮಾ ಕಂಪನಿ ಮಾತ್ರ ನೀವು ಘೋಷಿಸಿದ ಸಂಬಳ ಮೀರಿ ಕೊಡಲು ಒಪ್ಪುವುದಿಲ್ಲ. ಅಂತರ ನಿಮ್ಮ ತಲೆಗೆ. ನಿಜವಾದ ಸಂಬಳ ಸಾಬೀತು ಮಾಡುವುದು ಈಗ ಕಷ್ಟವೇ ಅಲ್ಲ. ಮೊದಲು ಕವರಿನಲ್ಲಿ ನೋಟು ಹಾಕಿ ಕೊಡುತ್ತಿದ್ದರು, ಈಗ ಮಾಲೀಕರೇ ಕೈಯಾರೆ ಫೋನ್‌ಪೇ ಮಾಡುತ್ತಾರೆ. ಪ್ರತಿ ತಿಂಗಳು 7ನೇ ತಾರೀಖು ಬ್ಯಾಂಕಿನಿಂದ 12,000, ಅದೇ ಸಂಜೆ ಮಾಲೀಕರ ನಂಬರ್‌ನಿಂದ 12,000. ಹುಡುಗನ ಮೊಬೈಲಿನಲ್ಲಿ ಎಲ್ಲ ಸಾಲಾಗಿ ಕೂತಿರುತ್ತದೆ.

ಶೇ 14 ಅನ್ನುವುದೇ ಕೊನೆಯ ಮಾತೂ ಅಲ್ಲ. ಎಡಗೈ ಕಳೆದುಕೊಂಡ ಒಬ್ಬ ಬಡಗಿಯ ಪ್ರಕರಣದಲ್ಲಿ, ಅವನು ಇನ್ನು ಬಡಗಿ ಕೆಲಸ ಮಾಡಲಾರ ಅನ್ನುವ ಕಾರಣಕ್ಕೆ ಅದನ್ನು ಪೂರ್ಣ ಅಸಮರ್ಥತೆ ಎಂದದ್ದನ್ನು ಸುಪ್ರೀಂ ಕೋರ್ಟ್ 1975ರಷ್ಟು ಹಿಂದೆಯೇ ಎತ್ತಿಹಿಡಿದಿದೆ.

ಪರಿಹಾರಕ್ಕೆ ಮಿತಿ 15,000 ಅಂದಮೇಲೆ, ಅಷ್ಟಕ್ಕೇ ಪ್ರೀಮಿಯಂ ಕಟ್ಟಿದರೆ ಆಯಿತಲ್ಲ?

ಇದು ಜಾಣ ಪ್ರಶ್ನೆ. ಕೆಲವು ಕಂಪನಿಗಳು ಒಪ್ಪಬಹುದು, ಆದರೆ ಬಾಯಿಮಾತು ಬೇಡ; ಕೊಟೇಶನ್ ಕೇಳುವಾಗಲೇ ಲಿಖಿತವಾಗಿ ಕೇಳಿ, ಪಾಲಿಸಿಯ ಮೇಲೆ ಬರೆಸಿಕೊಳ್ಳಿ. ಷರತ್ತಿನಲ್ಲಿ ಪೂರ್ತಿ ಗಳಿಕೆ ಅಂತಿದ್ದು ನೀವು 15,000 ಘೋಷಿಸಿದ್ದರೆ ಅದೂ ಕಮ್ಮಿ ತೋರಿಸಿದ ಲೆಕ್ಕವೇ. ಇನ್ನೊಂದು ವಿಷಯ: ಪಾಲಿಸಿಯಲ್ಲಿ ಕಾಯ್ದೆಯ ಹೊಣೆ ಮಾತ್ರವಲ್ಲ, ಮಾಲೀಕನ ನಿರ್ಲಕ್ಷ್ಯಕ್ಕಾಗಿ ಸಿವಿಲ್ ಕೋರ್ಟಿನಲ್ಲಿ ಕೇಳುವ ಪರಿಹಾರವೂ ಸೇರಿರಬಹುದು. ಅದಕ್ಕೆ 15,000ದ ಮಿತಿ ಇಲ್ಲ.

ವರ್ಷದ ನಡುವೆ ಜನ ಸೇರುತ್ತಾರೆ, ಬಿಡುತ್ತಾರೆ. ಪ್ರತಿ ಸಲ ತಿಳಿಸಬೇಕೇ?

ಹೆಸರಿನ ಪಟ್ಟಿ ಇರುವ ಪಾಲಿಸಿಯಾದರೆ ಹೌದು, ಪ್ರತಿ ಸಲ. ಹೆಸರಿಲ್ಲದೆ ವರ್ಗ, ತಲೆ ಎಣಿಕೆ, ಒಟ್ಟು ಸಂಬಳ ಮಾತ್ರ ಇದ್ದರೆ ಒಬ್ಬ ಹೋಗಿ ಒಬ್ಬ ಬಂದಾಗ ಬೇಡ. ಎಣಿಕೆ ಅಥವಾ ಸಂಬಳ ಏರಿದಾಗ ಬೇಕು. ಸಣ್ಣ ಯೂನಿಟ್‌ಗಳಿಗೆ ಎರಡನೆಯದೇ ಸರಿ. ಹೊಸಬರು ಸೇರಿದ ತಿಂಗಳ ಶೀಟು ಮುಗಿಸುವ ಮುನ್ನ ತಲೆ ಎಣಿಸಿ, ಪಾಲಿಸಿಯಲ್ಲಿರುವುದಕ್ಕೆ ಹೋಲಿಸಿ, ಹೆಚ್ಚಿದ್ದರೆ ಎಂಡಾರ್ಸ್‌ಮೆಂಟ್‌ಗೆ (ಪಾಲಿಸಿಯಲ್ಲಿ ಬದಲಾವಣೆ ಬರೆಸುವುದಕ್ಕೆ) ಇಮೇಲ್ ಕಳಿಸಿ. ಕೆಲಸ ಬದಲಾದವರನ್ನು ಮರೆಯುವವರು ಹೆಚ್ಚು: ಪ್ಯಾಕಿಂಗ್‌ನಲ್ಲಿದ್ದ ಹುಡುಗ ಆಗಸ್ಟ್‌ನಿಂದ ಪ್ರೆಸ್ ನಡೆಸುತ್ತಿರುತ್ತಾನೆ, ಶೀಟಿನಲ್ಲಿ ಇನ್ನೂ ಪ್ಯಾಕರ್.

ಇಎಸ್‌ಐಗೆ ಸೇರಬೇಕಾದವನಾದರೆ ಸೇರಿದ ದಿನವೇ ಐಪಿ ನಂಬರ್ (ಇಎಸ್‌ಐನಲ್ಲಿ ಅವನ ವಿಮೆಯ ನಂಬರ್) ತೆಗೆಯಿರಿ. ಟ್ರಯಲ್ ಮೇಲೆ ಇದ್ದಾನೆ, ತಿಂಗಳಾಗಲಿ ಅನ್ನಬೇಡಿ. ಮಷಿನ್ ಅರಿಯದವನಿಗೇ ಪೆಟ್ಟಾಗುವುದು ಹೆಚ್ಚು.

ಒಬ್ಬರ ಸಂಬಳ ಜೂನ್‌ನಲ್ಲಿ 21,000 ದಾಟಿತು. ಆಗಲೇ ಡಬ್ಲ್ಯೂಸಿಗೆ ಹಾಕಬೇಕೇ?

ಇಲ್ಲ. ಇಎಸ್‌ಐಯ ಕಾಂಟ್ರಿಬ್ಯೂಷನ್ ಅವಧಿ ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್. ನಡುವೆ ದಾಟಿದರೂ ಆ ಅವಧಿ ಮುಗಿಯುವವರೆಗೆ ಪೂರ್ತಿ ಸಂಬಳದ ಮೇಲೆ ಕಟ್ಟುತ್ತಿರಬೇಕು. ಅಕ್ಟೋಬರ್ 1ಕ್ಕೆ ಅವನು ಹೊರಗೆ. ಆ ದಿನಕ್ಕೆ ಮೊದಲೇ ಅವನನ್ನು ಡಬ್ಲ್ಯೂಸಿ ಪಾಲಿಸಿಗೆ ಸೇರಿಸಿರಬೇಕು. ಇಂಕ್ರಿಮೆಂಟ್ ಕೊಟ್ಟ ದಿನವೇ ಕ್ಯಾಲೆಂಡರ್‌ನಲ್ಲಿ ಸೆಪ್ಟೆಂಬರ್ 20ಕ್ಕೆ ಗುರುತು ಹಾಕಿಕೊಳ್ಳಿ. ಸಂಬಳ ಏರಿದ ಸಂತೋಷದಲ್ಲಿ ವಿಮೆ ತಪ್ಪಿಹೋದದ್ದು ಅವನಿಗೂ ಗೊತ್ತಿರುವುದಿಲ್ಲ, ನಿಮಗೂ.

ಕಾಂಟ್ರಾಕ್ಟರ್ ಕಡೆಯ ಹುಡುಗರು ನಮ್ಮ ಪೇರೋಲ್‌ನಲ್ಲಿ ಇಲ್ಲ. ಅವರ ಚಿಂತೆ ನಮಗೆ ಯಾಕೆ?

ನಿಮ್ಮ ಜಾಗದಲ್ಲಿ, ನಿಮ್ಮ ವ್ಯವಹಾರದ ಕೆಲಸದಲ್ಲಿ ಪೆಟ್ಟಾದರೆ ಅವನು ನೇರವಾಗಿ ನಿಮ್ಮನ್ನೇ ಕೇಳಬಹುದು. ಕೊಟ್ಟ ಮೇಲೆ ಕಾಂಟ್ರಾಕ್ಟರ್‌ನಿಂದ ವಸೂಲಿ ಮಾಡುವ ಹಕ್ಕು ನಿಮಗಿದೆ. ಕಾಂಟ್ರಾಕ್ಟರ್ ಫೋನ್ ಎತ್ತಿದರೆ ತಾನೆ? ಹಾಗಾಗಿ ಬಿಲ್ ಪಾಸ್ ಮಾಡುವ ಮುನ್ನ ಅವನ ಇಎಸ್‌ಐ ಚಲನ್ ಅಥವಾ ಪಾಲಿಸಿ ಕಾಪಿ, ಆ ತಿಂಗಳ ಸಂಬಳದ ಪಟ್ಟಿ ಕೇಳಿ. ಇಲ್ಲದಿದ್ದರೆ ನಿಮ್ಮ ಪಾಲಿಸಿಯಲ್ಲೇ ಕಾಂಟ್ರಾಕ್ಟ್ ಲೇಬರ್ ಅಂತ ಬೇರೆ ಸಾಲು ಬರೆಸಿ. ಬರೆಸದಿದ್ದರೆ ಅವರು ತಾನಾಗಿ ಸೇರುವುದಿಲ್ಲ.

ರಿನ್ಯೂವಲ್ ನಾಲ್ಕು ದಿನ ತಡವಾದರೆ ಏನಾಗುತ್ತದೆ?

ನನ್ನ ಒಬ್ಬ ಗಿರಾಕಿಗೆ ಆದದ್ದು ಹೇಳುತ್ತೇನೆ. ಪಾಲಿಸಿ ಶನಿವಾರ ರಾತ್ರಿ 12ಕ್ಕೆ ಮುಗಿಯಿತು. ಶುಕ್ರವಾರ ನಾನು ಫೋನ್ ಮಾಡಿದ್ದೆ. "ಒಂದು ಪೇಮೆಂಟ್ ಬರಬೇಕು, ಮಂಗಳವಾರ ಕಟ್ಟಿಬಿಡೋಣ" ಅಂದರು. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಶಿಯರಿಂಗ್ ಮಷಿನ್‌ನಲ್ಲಿ ಒಬ್ಬನ ಎರಡು ಬೆರಳು. ಹನ್ನೊಂದೂವರೆಗೆ ಮಾಲೀಕರು ಆಸ್ಪತ್ರೆಯ ಕಾರಿಡಾರ್‌ನಿಂದಲೇ ನನಗೆ ಫೋನ್ ಮಾಡಿ, "ಈಗ ಆನ್‌ಲೈನ್‌ನಲ್ಲಿ ಕಟ್ಟಿದ್ರೆ ನಿನ್ನೆ ಡೇಟು ಸಿಗುತ್ತಾ?" ಅಂತ ಕೇಳಿದರು. ನಾನು ಏನು ಹೇಳಲಿ. ಪ್ರೀಮಿಯಂ ಕೈಸೇರದೆ ರಿಸ್ಕ್ ಹೊರಕೂಡದು ಅಂತ 1938ರ ವಿಮಾ ಕಾಯ್ದೆಯಲ್ಲೇ ಇದೆ. ಹಿಂದಿನ ತಾರೀಖಿಗೆ ಪಾಲಿಸಿ ಇಲ್ಲ. ಚೆಕ್ ಬೌನ್ಸ್ ಆದರೂ ಅದೇ ಗತಿ. ಆ ಪರಿಹಾರವನ್ನು ಅವರು ಕೈಯಿಂದಲೇ ಕಟ್ಟಿದರು, ಕಂತು ಕಂತಾಗಿ, ಒಂದು ಮಷಿನ್ ಮಾರಿ.

ಅಂದಿನಿಂದ ನಾನು ಪಾಲಿಸಿ ಮುಗಿಯುವ ತಿಂಗಳ ಸಂಬಳದ ಶೀಟಿನಲ್ಲೇ ಪ್ರೀಮಿಯಂ ಅನ್ನು ಒಂದು ಸಾಲಾಗಿ ಸೇರಿಸಿಬಿಡುತ್ತೇನೆ. ಸಂಬಳಕ್ಕೆ ಹಣ ತೆಗೆದಿಟ್ಟಾಗ ಅದೂ ಜೊತೆಗೆ ಹೋಗಲಿ.

ಪಾಲಿಸಿ ಇದ್ದರೆ ಎಲ್ಲವೂ ಕಂಪನಿಯೇ ಕೊಡುತ್ತದೆಯೇ?

ಇಲ್ಲ. ಆಸ್ಪತ್ರೆ ಖರ್ಚು ಮಾಲೀಕ ಭರಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಪಾಲಿಸಿಯಲ್ಲಿ ಅದು ಹೆಚ್ಚುವರಿ ಪ್ರೀಮಿಯಂ ಕೊಟ್ಟು, ತಲೆಗೆ ಇಷ್ಟು ಅಂತ ಮಿತಿ ಹಾಕಿಸಿಕೊಳ್ಳುವ ಸೌಲಭ್ಯ. ಬೆರಳು ಜೋಡಿಸುವ ಶಸ್ತ್ರಚಿಕಿತ್ಸೆಯ ಬಿಲ್ ನೋಡಿದವರು ಆ ಮಿತಿಯನ್ನು ಮತ್ತೆ ಕಮ್ಮಿ ಇಡುವುದಿಲ್ಲ. ಔದ್ಯೋಗಿಕ ಕಾಯಿಲೆಯೂ ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕಾದದ್ದು. ಪೌಡರ್ ಕೋಟಿಂಗ್, ಗ್ರೈಂಡಿಂಗ್ ಮಾಡುವವರು ಇದನ್ನು ಬಿಡಬೇಡಿ.

ಪರಿಹಾರ ಬಾಕಿಯಾಗಿ ಒಂದು ತಿಂಗಳೊಳಗೆ ಕೊಡದಿದ್ದರೆ ಶೇ 12 ಬಡ್ಡಿ, ಸರಿಯಾದ ಕಾರಣವಿಲ್ಲದಿದ್ದರೆ ಮೊತ್ತದ ಶೇ 50ರವರೆಗೆ ದಂಡ. ಬಡ್ಡಿ ಯಾರು ಕೊಡಬೇಕು ಅನ್ನುವುದು ಪಾಲಿಸಿಯ ಷರತ್ತಿನ ಮೇಲೆ ನಿಲ್ಲುತ್ತದೆ. ದಂಡ ಮಾತ್ರ ಮಾಲೀಕನದೇ.

ಅಪಘಾತವಾದ ದಿನ ಸಂಬಳದ ಲೆಕ್ಕದವರು ಏನು ಮಾಡಬೇಕು?

ಮೊದಲು ಹಾಜರಿ. ಆ ದಿನದ ಮಸ್ಟರ್, ಪಂಚಿಂಗ್ ಪ್ರಿಂಟ್ ತೆಗೆದಿಡಿ. ವಿಚಾರಣೆಗೆ ಬಂದವನು ಮೊದಲು ಕೇಳುವುದು ಅದನ್ನೇ: ಆ ಹೊತ್ತಿಗೆ ಆ ಮನುಷ್ಯ ಡ್ಯೂಟಿಯಲ್ಲಿದ್ದನೇ? ಆಮೇಲೆ ಹಿಂದಿನ ಹನ್ನೆರಡು ತಿಂಗಳ ಸಂಬಳ, ವಯಸ್ಸಿನ ದಾಖಲೆ. ಗುಣಕ ವಯಸ್ಸಿನ ಮೇಲೆ ನಿಲ್ಲುವುದರಿಂದ ಆಧಾರ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ರಗಳೆ. ಅದನ್ನು ಸೇರಿಸಿಕೊಳ್ಳುವಾಗಲೇ ನೋಡಿಕೊಳ್ಳಿ. ವಿಮಾ ಕಂಪನಿಗೆ ಅದೇ ದಿನ ಇಮೇಲ್. ಇಎಸ್‌ಐ ಇದ್ದವನಾದರೆ ಪೋರ್ಟಲ್‌ನಲ್ಲಿ ಅಪಘಾತ ವರದಿ.

ಕೆಲಸಕ್ಕೆ ಬರಲಾಗದ ದಿನಗಳಿಗೆ ಡಬ್ಲ್ಯೂಸಿ ಲೆಕ್ಕದಲ್ಲಿ ಹದಿನೈದು ದಿನಕ್ಕೊಮ್ಮೆ ಮಾಸಿಕ ಸಂಬಳದ ಶೇ 25. 15,000 ಮಿತಿಗೆ 3,750. ಅಸಮರ್ಥತೆ 28 ದಿನ ಅಥವಾ ಹೆಚ್ಚಿದ್ದರೆ ಮೊದಲ ದಿನದಿಂದಲೇ, ಕಡಿಮೆಯಿದ್ದರೆ ಮೊದಲ ಮೂರು ದಿನ ಬಿಟ್ಟು. ಎಷ್ಟೋ ಮಾಲೀಕರು ಒಳ್ಳೆಯತನದಿಂದ ಪೂರ್ತಿ ಸಂಬಳವೇ ಕೊಡುತ್ತಾರೆ. ಕೊಡಿ, ಆದರೆ ಶೀಟಿನಲ್ಲಿ "ಹಾಜರ್" ಅಂತ ಹಾಕಿ ಕೊಡಬೇಡಿ. ಬೇರೆ ವೋಚರ್ ಮಾಡಿ, "ಅಪಘಾತ ಪರಿಹಾರದ ಬಾಬ್ತು" ಅಂತ ಬರೆದು ಸಹಿ ಹಾಕಿಸಿ. ಆಸ್ಪತ್ರೆಯಲ್ಲಿ ಮಲಗಿದ್ದವನಿಗೆ ಹಾಜರಿ ಬಿದ್ದಿದ್ದರೆ ಕ್ಲೇಮ್ ಅಲ್ಲೇ ಕೆಡುತ್ತದೆ.

ಮನೆಯವರ ಜೊತೆ ಕೂತು ಮಾತಾಡಿ, ದುಡ್ಡು ಕೊಟ್ಟು, ಬರೆಸಿಕೊಂಡರೆ ಸಾಲದೇ?

ಸಾವಿನ ಪ್ರಕರಣದಲ್ಲಿ ಸಾಲದು. ಹಣವನ್ನು ಪರಿಹಾರದ ಪ್ರಕರಣಗಳನ್ನು ತೀರ್ಮಾನಿಸುವ ಅಧಿಕಾರಿಯ (ಹಳೆಯ ಕಾಯ್ದೆಯಲ್ಲಿ ಕಮಿಷನರ್) ಬಳಿ ಠೇವಣಿ ಇಡಬೇಕು, ಅಲ್ಲಿಂದ ಅವಲಂಬಿತರಿಗೆ ಹಂಚಿಕೆ. ನೇರವಾಗಿ ಕೊಟ್ಟದ್ದು ಪರಿಹಾರ ಕೊಟ್ಟಂತೆ ಆಗುವುದೇ ಇಲ್ಲ. ಹಳೆಯ ಕಾಯ್ದೆಯಲ್ಲಿ ಅವಲಂಬಿತರಿಗೆ ಪರಿಹಾರದ ಬಾಬ್ತು ಮುಂಗಡ ಕೊಡಲು ಮಾತ್ರ ಅವಕಾಶವಿತ್ತು, ಅದೂ ಮೂರು ತಿಂಗಳ ಸಂಬಳದ ಮಟ್ಟಿಗೆ. ಹಿರಿಯರನ್ನು ಕೂರಿಸಿ ಪಂಚಾಯ್ತಿ ಮಾಡಿ ಐದು ಲಕ್ಷ ಕೊಟ್ಟವರು, ಒಂದು ವರ್ಷದ ಮೇಲೆ ನೋಟಿಸ್ ಬಂದಾಗ ಪೂರ್ತಿ ಮೊತ್ತ ಮತ್ತೆ ಕಟ್ಟಬೇಕಾಗಿ ಬಂದೀತು. ಕ್ಲೇಮ್ ಹಾಕಲು ಎರಡು ವರ್ಷ ಕಾಲಾವಕಾಶ ಇದೆ.

ಕೆಲಸಕ್ಕೆ ಬರುವ ದಾರಿಯಲ್ಲಿ ಬೈಕ್ ಅಪಘಾತವಾದರೆ?

ಈಗ ಸೇರುತ್ತದೆ. ಇಎಸ್‌ಐನಲ್ಲಿ 2010ರಿಂದಲೇ ಇತ್ತು. ಡಬ್ಲ್ಯೂಸಿಯಲ್ಲಿ ಜಗಳವಿತ್ತು. 2003ರಲ್ಲಿ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ ಕೆಲಸಕ್ಕೆ ಬರುವಾಗ ಸುಮಾರು ಐದು ಕಿಲೋಮೀಟರ್ ದೂರದಲ್ಲಿ ಸತ್ತ ಪ್ರಕರಣದಲ್ಲಿ, ಹೊತ್ತು, ದಾರಿ, ಕೆಲಸ ಮೂರಕ್ಕೂ ನಂಟಿದ್ದರೆ ಅದು ಕೆಲಸದ ಅಪಘಾತವೇ ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿತು. ಸಂಹಿತೆಯಲ್ಲೂ ಅದೇ ಇದೆ. ಲೆಕ್ಕದವರಿಗೆ ಇದರಿಂದ ಬರುವ ಕೆಲಸ ಒಂದೇ: ಶಿಫ್ಟ್ ಬದಲಾಯಿಸಿದ್ದು ಬಾಯಲ್ಲೇ ಉಳಿಯಬಾರದು. ರಾತ್ರಿ ಹತ್ತೂವರೆಗೆ ಅವನು ತುಮಕೂರು ರಸ್ತೆಯಲ್ಲಿ ಯಾಕಿದ್ದ ಅನ್ನುವುದಕ್ಕೆ ಶಿಫ್ಟ್ ಪಟ್ಟಿಯಲ್ಲಿ ಉತ್ತರ ಇರಬೇಕು.

ಇದನ್ನೆಲ್ಲ ಕೆಲಸಗಾರರಿಗೆ ಹೇಳಲೇಬೇಕೇ? ಹೇಳಿದರೆ ಸುಮ್ಮನೆ ಕ್ಲೇಮ್ ಹಾಕುತ್ತಾರೆ ಅಂತಾರೆ ನಮ್ಮ ಮಾಲೀಕರು.

ಹೇಳಲೇಬೇಕು. 2017ರ ತಿದ್ದುಪಡಿಯ ಪ್ರಕಾರ ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಪರಿಹಾರದ ಹಕ್ಕನ್ನು ಬರಹದಲ್ಲೂ ಎಲೆಕ್ಟ್ರಾನಿಕ್ ರೂಪದಲ್ಲೂ ತಿಳಿಸಬೇಕು, ಅವನಿಗೆ ಅರ್ಥವಾಗುವಂತೆ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿ. ತಿಳಿಸದಿದ್ದರೆ 50,000ದಿಂದ ಒಂದು ಲಕ್ಷದವರೆಗೆ ದಂಡ ಅಂತ ಆಗ ಬಂತು. ನಾನು ನೇಮಕಾತಿ ಪತ್ರದ ಹಿಂಬದಿಯಲ್ಲೇ ಅರ್ಧ ಪುಟ ಅಚ್ಚು ಹಾಕಿಸುತ್ತೇನೆ, ಕನ್ನಡದಲ್ಲಿ ಒಂದು, ಹಿಂದಿಯಲ್ಲಿ ಒಂದು. ಅದರದೇ ಫೋಟೋ ಅವರ ವಾಟ್ಸ್‌ಆ್ಯಪ್‌ಗೆ. ಬಿಹಾರ, ಒಡಿಶಾ ಕಡೆಯಿಂದ ಬಂದ ಹುಡುಗರಲ್ಲಿ ಓದಲು ಬಾರದವರೂ ಇದ್ದಾರೆ. ಅವರಿಗೆ ಸೂಪರ್‌ವೈಸರ್ ಓದಿ ಹೇಳಲಿ, ಪಾಲಿಸಿ ನಂಬರ್ ಬರೆದ ಚೀಟಿ ಕೈಗೆ ಕೊಡಲಿ. ಆ ಫೋಟೋವನ್ನು ಹುಡುಗ ಊರಿನಲ್ಲಿರುವ ಮನೆಯವರಿಗೂ ಕಳಿಸಿಟ್ಟಿರಲಿ.